ಕುಂಯ್ ಅನ್ನುವ ಮಷೀನಿನ ಸಂಗಡ

ಕಳೆದ ವಸ್ತು ಹುಡುಕಿಕೊಡುತ್ತೇನೆಂದು ಹೊರಟವನ ಮಾನ ವಾರಕ್ಕೊಮ್ಮೆಯಾದರೂ ಕಳೆಯುತ್ತದೆ; ಅದನ್ನು ಹುಡುಕುವ ಮಷೀನು ಇನ್ನೂ ಬಂದಿಲ್ಲ. ನಾನು ಹೊಸಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನು. ಹೊಲದಲ್ಲಿ ಹೂತುಹೋದ ಪೈಪ್‌ಲೈನಿನ ವಾಲ್ವು, ಕಬ್ಬಿಣದ ಮುಚ್ಚಳ ಹುಡುಕಲಿಕ್ಕೆಂದು ಒಂದು ಸೆಕೆಂಡ್ ಹ್ಯಾಂಡ್ ಮೆಟಲ್ ಡಿಟೆಕ್ಟರ್ ಕೊಂಡೆ. ಉದ್ದನೆಯ ಕೋಲು, ತುದಿಯಲ್ಲಿ ಊಟದ ತಟ್ಟೆಯಷ್ಟು ಅಗಲದ ಚಕ್ರ, ಹಿಡಿಯ ಹತ್ತಿರ ಮೂರು ತಿರುಪು. ಚಕ್ರದ ಹತ್ತಿರ ಲೋಹ ಬಂದರೆ ಅದು ಕುಂಯ್ ಅನ್ನುತ್ತದೆ. ಉಳಿದದ್ದನ್ನೆಲ್ಲ ಜನ ಅನ್ನುತ್ತಾರೆ.

೧. ಸಂಡೂರಿನ ಏಳು ಗುಂಡಿ

ಮೊದಲ ಕೆಲಸ ಸಂಡೂರಿನ ಕಡೆಯ ಒಂದು ತೋಟದಲ್ಲಿ, ಹೂತುಹೋದ ವಾಲ್ವಿನ ಮುಚ್ಚಳ ಹುಡುಕುವುದು. ಸ್ವಿಚ್ ಒತ್ತಿದ್ದೇ ತಡ, ಕುಂಯ್. ಎಡಕ್ಕೆ ಹೋದರೂ ಕುಂಯ್, ಬಲಕ್ಕೆ ಹೋದರೂ ಕುಂಯ್. ತೋಟದ ಮಾಲೀಕ ನಾನು ತೋರಿಸಿದಲ್ಲೆಲ್ಲ ಅಗೆದ. ಏಳು ಗುಂಡಿಯಾದವು. ಕೆಂಪು ಮಣ್ಣು ಬಿಟ್ಟರೆ ಏನೂ ಇಲ್ಲ.

"ಏನ್ರೀ, ತೆಂಗಿನ ಸಸಿ ಹಚ್ಚಾಕ ಗುಂಡಿ ತೋಡಸಾಕತ್ತೀರೇನು?" ಅಂದ.

ನನಗೆ ಕೆಲಸ ಕಲಿಸಿದ ಗುರುಗಳು ಅದೇ ಊರಿನವರು, ಗಣಿಯಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಫೋನ್ ಮಾಡಿದೆ. ಸೈಕಲ್ ಮೇಲೆ ಬಂದು, ಗುಂಡಿಗಳನ್ನು ನೋಡಿ ಹೊಟ್ಟೆ ಹಿಡಿದು ನಕ್ಕರು.

"ಲೇ, ಇಲ್ಲಿ ಗುಡ್ಡಕ್ಕ ಗುಡ್ಡನಾ ಕಬ್ಬಿಣ. ಇಲ್ಲಿ ಬಂದು ಕಬ್ಬಿಣ ಐತೇನಪಾ ಅಂತ ಕೇಳಿದ್ರ ಅದು ಇನ್ನೇನು ಅಂದೀತು?"

ಆಮೇಲೆ ಕಲಿಸಿದರು. ಚಕ್ರವನ್ನು ಬರಿ ನೆಲದ ಮೇಲೆ ಎತ್ತಿ ಇಳಿಸಿ, ಎತ್ತಿ ಇಳಿಸಿ ಮಾಡುತ್ತ, ಅದು ಸುಮ್ಮನಾಗುವ ತನಕ ಒಂದು ತಿರುಪನ್ನು ಮೆಲ್ಲಗೆ ತಿರುಗಿಸಬೇಕು. ಆಗ ಮಷೀನು ಮಣ್ಣನ್ನು ಮಣ್ಣು ಅಂತ ಒಪ್ಪಿಕೊಳ್ಳುತ್ತದೆ. ಹಾಗೇ ಮಾಡಿದೆ. ಸುಮ್ಮನಾಯಿತು. ಖುಷಿಯಿಂದ ಒಂದು ಹೆಜ್ಜೆ ಇಟ್ಟೆ. ಕುಂಯ್! ಇನ್ನೊಂದು ಹೆಜ್ಜೆ. ಕುಂಯ್!

ಗುರುಗಳು ನನ್ನ ಕಾಲು ನೋಡಿದರು. ನಿವೃತ್ತರಾಗುವಾಗ ಅವರೇ ನನಗೆ ಕೊಟ್ಟಿದ್ದ ಗಣಿಯ ಬೂಟು, ಮುಂಭಾಗದಲ್ಲಿ ಉಕ್ಕಿನ ತಗಡು.

"ಮಣ್ಣಿಗೆ ಹೊಂದಸೂದು ಆಮ್ಯಾಲ. ಮೊದ್ಲು ನಿನ್ನ ಮೈ ನೋಡ್ಕೊ" ಅಂದರು.

ಬರಿಗಾಲಲ್ಲಿ ನಡೆದು ಹತ್ತು ನಿಮಿಷಕ್ಕೆ ಮುಚ್ಚಳ ಹುಡುಕಿಕೊಟ್ಟೆ. ಆ ಏಳು ಗುಂಡಿಗಳಲ್ಲಿ ಈಗ ತೆಂಗು ಚೆನ್ನಾಗಿ ಎದ್ದಿದೆ. ಮಾಲೀಕ ಊರಿಗೆಲ್ಲ ನನ್ನ ಹೆಸರು ಹೇಳುತ್ತಾನಂತೆ, ಸಸಿ ಹಚ್ಚುವವರಿಗೆ.

೨. ಕಂಪ್ಲಿಯ ಕಾಲುಂಗುರ

ಗುರುಗಳ ಮಾತು ನನಗೆ ಮಂತ್ರವಾಯಿತು. ಕಂಪ್ಲಿಯ ಒಂದು ಗದ್ದೆಗೆ ಹೋದಾಗ ಉಂಗುರ, ಬೆಲ್ಟು, ಕೀಲಿಕೈ ಎಲ್ಲ ಬಿಚ್ಚಿಟ್ಟು ಇಳಿದೆ. ಚಕ್ರವನ್ನು ನೆಲಕ್ಕೆ ಸಮನಾಗಿ, ಒಂದು ಬೀಸು ಇನ್ನೊಂದರ ಅರ್ಧ ಮುಚ್ಚುವಂತೆ ಮೆಲ್ಲಗೆ ಆಡಿಸಬೇಕು. ನಾಟಿಗೆ ಬಂದಿದ್ದ ಹೆಂಗಸರು, "ಯಾರೋ ಗದ್ದ್ಯಾಗ ಕಸ ಗುಡಸಾಕ ಬಂದಾನ" ಅಂತ ನೋಡಲು ಸುತ್ತ ನಿಂತರು. ಮಷೀನು ಎಡಬಿಡದೆ ಕೂಗತೊಡಗಿತು. ಕೆಳಗೆ ನೋಡಿದರೆ ಎಲ್ಲರ ಕಾಲಲ್ಲೂ ಬೆಳ್ಳಿ ಕಾಲುಂಗುರ.

ದೂರ ನಿಲ್ಲಿ ಅಂದಿದ್ದರೆ ಮುಗಿಯುತ್ತಿತ್ತು. ಮಂತ್ರ ತಲೆಗೇರಿತ್ತಲ್ಲ. "ಅಕ್ಕಾರ, ಒಂದೀಟು ಕಾಲುಂಗುರ ತಗೀರಿ" ಅಂದುಬಿಟ್ಟೆ.

ಗಂಡ ಇರುವ ಹೆಂಗಸಿಗೆ ಆಡುವ ಮಾತೇ ಇದು? ಮುಂದಿದ್ದಾಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆಸರುಗೈ ನೀಡಿ ಬದುವಿನ ಕಡೆ ತೋರಿಸಿದಳು.

"ನನ್ನ ಗಂಡ ಅಲ್ಲಿ ಬೀಡಿ ಸೇದಕೋಂತ ಕುಂತಾನ. ಮೊದ್ಲು ಅವನ್ನ ಕೇಳು, ಅದಾನೋ ಇಲ್ಲೋ ಅಂತ!"

ನಾನು ಕೇಳುವ ಮೊದಲೇ ಬದುವಿನ ಮೇಲಿಂದ ಗಾಬರಿಯ ದನಿ ಬಂತು: "ಅದೀನ್ರೀ! ಅದೀನಿ!"

೩. ಕಡ್ಡಿರಾಂಪುರದ ನಾಯಿಮರಿ

ಹಂಪಿಯ ಸುತ್ತ ಈ ಮಷೀನು ಹಿಡಿದು ತಿರುಗಬಾರದು. ನೀವು ವಾಲ್ವು ಅಂದರೂ ಜನರಿಗೆ ನಿಧಿ ಅಂತಲೇ ಕೇಳಿಸುತ್ತದೆ. ಅದಕ್ಕೇ ಆ ದಾರಿಯಲ್ಲಿ ಹೋಗುವಾಗ ಗೋಣಿಚೀಲದಲ್ಲಿ ಸುತ್ತಿಡುತ್ತೇನೆ. ಒಂದು ಬೆಳಿಗ್ಗೆ ಕಡ್ಡಿರಾಂಪುರದಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನಲು ಕೂತಾಗ ಚೀಲದೊಳಗೆ ಸ್ವಿಚ್ ಒತ್ತಿಹೋಯಿತು. ಕಬ್ಬಿಣದ ಬೆಂಚು ಬೇರೆ. ಕುಂಯ್, ಕುಂಯ್.

"ಅಯ್ಯ, ನಾಯಿಮರಿ ಐತೇನ್ರೀ? ಹಸದೈತಿ ಪಾಪ" ಅಂತ ಹೋಟೆಲಿನ ಅಮ್ಮ ಒಂದು ಬಟ್ಟಲಲ್ಲಿ ಹಾಲು ತಂದಿಟ್ಟಳು.

ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಪೊಲೀಸಪ್ಪ ತಿರುಗಿದ. "ತಗೀರಿ, ನೋಡೂಣ."

ತೆಗೆದೆ. ಅವನ ಹುಬ್ಬು ಮೇಲೇರಿತು. "ನಿಧಿ ಹುಡುಕಾಕ?"

"ಇಲ್ರೀ ಸಾಹೇಬ್ರ, ವಾಲ್ವು."

"ನನ್ನ ಜೋಡಿ ಬರ್ರಿ."

ಅರ್ಧ ತಿಂದ ಮೆಣಸಿನಕಾಯಿ ತಟ್ಟೆಯಲ್ಲೇ ಬಿಟ್ಟು ಎದ್ದೆ. ಹೋಟೆಲಿನ ಹಿಂದೆ ಕರೆದುಕೊಂಡು ಹೋಗಿ, ಆಚೆ ಈಚೆ ನೋಡಿ, ಮೆಲ್ಲಗೆ ಅಂದ: "ಬೈಕಿನ ಕೀ ಈ ಹುಲ್ಲಾಗ ಎಲ್ಲೋ ಬಿದ್ದೈತ್ರೀ. ಡ್ಯೂಟಿ ಹೊತ್ತಾತು. ಜಲ್ದಿ!"

ಎರಡು ಸೋಡಾ ಮುಚ್ಚಳ, ಒಂದು ಚಮಚ ಆದಮೇಲೆ ಕೀ ಸಿಕ್ಕಿತು. ಅದನ್ನು ಆಡಿಸುತ್ತ ಬಂದ ಅವನನ್ನು ನೋಡಿ ಹೋಟೆಲಿನ ಅಮ್ಮ ಹಾಲಿನ ಬಟ್ಟಲನ್ನು ಒಳಗೊಯ್ದಳು. "ನಾಯಿಮರಿ ಅಲ್ರೀ ಅದು. ಪೊಲೀಸ್ ನಾಯಿ!"

೪. ಬುಕ್ಕಸಾಗರದ ಬೀಗರು

ಬುಕ್ಕಸಾಗರದ ಒಬ್ಬ ರೈತರು ಒಂದು ಮಧ್ಯಾಹ್ನ ಫೋನ್ ಮಾಡಿದರು. ದನಿಯಲ್ಲಿ ಅಳುವೊಂದು ಬಾಕಿ. "ಜಲ್ದಿ ಬರ್ರೀ, ಅಪ್ಪಾರ ಕರಡಿಗಿ ಗದ್ದ್ಯಾಗ ಬಿದ್ದೈತಿ!"

ಕರಡಿಗೆ ಅಂದರೆ ಕೊರಳಲ್ಲಿ ಇಷ್ಟಲಿಂಗ ಇಟ್ಟುಕೊಳ್ಳುವ ಬೆಳ್ಳಿಯ ಭರಣಿ. ಅದು ಸಿಗುವ ತನಕ ಆ ರೈತರ ತಂದೆ, ಅಜ್ಜಾರು, ತುತ್ತು ಅನ್ನ, ಗುಟುಕು ನೀರು ಮುಟ್ಟುವವರಲ್ಲ. ಅವತ್ತೇ ಮೊಮ್ಮಗಳ ಮದುವೆ ಮಾತು ಮುಗಿಸಲು ಗಂಡಿನ ಕಡೆಯವರು ಬಂದಿದ್ದರು. ಹಿರಿಯರು ಉಣ್ಣದೆ ಬೀಗರು ಉಣ್ಣುವ ಹಾಗಿಲ್ಲ. ಉಣ್ಣದೆ ಎದ್ದು ಹೋದರೆ ಸಂಬಂಧಕ್ಕೇ ಅಪಶಕುನ. ಗದ್ದೆಯ ಪಕ್ಕದ ಮನೆಯೊಳಗೆ ಹೋಳಿಗೆ ಆರುತ್ತಿತ್ತು, ಹೊರಗೆ ಬೀಗರು ಬದುವಿನ ಮೇಲೆ ಸಾಲಾಗಿ ಕೂತು ನನ್ನನ್ನೇ ನೋಡುತ್ತಿದ್ದರು. ಬಾಗಿಲಲ್ಲಿ ಮದುವೆಯ ಹುಡುಗಿ ಸೆರಗಿನ ತುದಿ ತಿರುಚುತ್ತ ನಿಂತಿದ್ದಳು.

ಮಣ್ಣಿಗೆ ಹೊಂದಿಸಿದೆ, ಬೀಸತೊಡಗಿದೆ. ಅಜ್ಜಾರು ಬೆನ್ನು ಬಿಡಲಿಲ್ಲ. ನಾನು ನಿಂತಲ್ಲೆಲ್ಲ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ರುಮಾಲು ಸುತ್ತಿದ ತಲೆ ಬಗ್ಗಿಸಿ "ಸಿಕ್ತೇನಲೇ?" ಅನ್ನುವುದು, ಮಷೀನು ಕುಂಯ್ ಅನ್ನುವುದು. ಕೆಸರು ತಡಕಿದರೆ ಏನೂ ಇಲ್ಲ. ಮೂರು ಸಲ ಹೀಗಾಯಿತು. ಮೊದಲು ನಿನ್ನ ಮೈ ನೋಡ್ಕೊ ಅಂದುಕೊಂಡು ಮತ್ತೆ ತಡವಿಕೊಂಡೆ. ಅವಸರದಲ್ಲಿ ಮರೆತಿದ್ದ ಬೆಲ್ಟನ್ನೂ ಬಿಚ್ಚಿಟ್ಟು, ಒಂದು ಕೈಯಲ್ಲಿ ಪ್ಯಾಂಟು, ಇನ್ನೊಂದರಲ್ಲಿ ಮಷೀನು ಹಿಡಿದು ನಿಂತೆ. ಅಜ್ಜಾರು ಮತ್ತೆ ತಲೆ ಬಗ್ಗಿಸಿದರು. ಕುಂಯ್.

ಆಗ ಹೊಳೆಯಿತು. ಕೂಗುತ್ತಿರುವುದು ನೆಲಕ್ಕಲ್ಲ, ರುಮಾಲಿಗೆ!

ಅವರ ಮಗನ ಕಿವಿಯಲ್ಲಿ ಕೇಳಿದೆ. ಬೆಳಿಗ್ಗೆ ನೀರು ಕಟ್ಟುವಾಗ ಅಜ್ಜಾರ ಕೊರಳ ಶಿವದಾರ ಹರಿದಿತ್ತಂತೆ, ಅಷ್ಟರಲ್ಲೇ ಬೀಗರ ಕಾರು ಬಂದಿತ್ತಂತೆ. ಕೆಸರಿಗೆ ಬೀಳದಿರಲೆಂದು ಕರಡಿಗೆಯನ್ನು ತಲೆಯಲ್ಲಿ ಸಿಕ್ಕಿಸಿಕೊಂಡು ಮರೆತಿದ್ದಾರೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ.

"ರುಮಾಲು ತಗೀರಿ ಅಂತ ಹೇಳ್ರಿ" ಅಂದೆ.

"ನಾನಾ? ಬೀಗರ ಮುಂದ ಅಪ್ಪಗ ರುಮಾಲು ತಗೀ ಅನ್ಲಾ? ನೀವಾ ಹೇಳ್ರಿ."

ನಾನು ಕಂಪ್ಲಿಯಲ್ಲಿ ಒಮ್ಮೆ ನಾಲಿಗೆ ಸುಟ್ಟುಕೊಂಡವನು. ಇಬ್ಬರೂ ಆಕಾಶ ನೋಡಿದೆವು. ಬದುವಿನ ಮೇಲೆ ಬೀಗರೊಬ್ಬರು ಗಡಿಯಾರ ನೋಡಿದರು. ಆಗ ಅವರ ಪಕ್ಕದ ಚೀಲದಲ್ಲಿ ಕೇಸರಿ ಅಂಚೊಂದು ಕಂಡಿತು. ಮಾತು ಮುಗಿದ ಮೇಲೆ ಹಿರಿಯರಿಗೆ ಸುತ್ತಲೆಂದು ತಂದ ಹೊಸ ರುಮಾಲು! ಪ್ಯಾಂಟು ಹಿಡಿದುಕೊಂಡೇ ಓಡಿ, ಬೀಗರ ಕಿವಿಯಲ್ಲಿ ಎರಡು ಮಾತು ಹೇಳಿದೆ. ಒಳ್ಳೆಯ ಮನುಷ್ಯ, ನಗು ನುಂಗಿಕೊಂಡು ಎದ್ದರು.

"ಮಾತು ಮುಗಿಯೂತನ ಯಾಕ ಕಾಯೂದ್ರೀ ಹಿರೇರ? ಸಂಬಂಧ ನಮಗ ಒಪ್ಪಿಗಿ ಐತಿ. ಮೊದ್ಲು ಈ ರುಮಾಲು ಸುತ್ತಸ್ಕೋರಿ."

ಹೊಸದು ಸುತ್ತಬೇಕಾದರೆ ಹಳೆಯದು ಬಿಚ್ಚಲೇಬೇಕಲ್ಲ. ಬಿಚ್ಚಿದರು. ಎರಡನೇ ಸುತ್ತಿಗೇ ಕರಡಿಗೆ ಜಾರಿ ಬೀಗರ ಬೊಗಸೆಗೆ ಬಿತ್ತು. ಹೆಂಗಸರು "ಶಿವನಾ ಕೊಟ್ಟ!" ಅಂತ ಕೈಮುಗಿದರು. ಬಾಗಿಲಲ್ಲಿದ್ದ ಹುಡುಗಿ ಮುಖ ಮುಚ್ಚಿಕೊಂಡು ಒಳಗೆ ಓಡಿದಳು.

ಹೊಸ ಶಿವದಾರ, ಪೂಜೆ ಎಲ್ಲ ಆಗಿ ಎಲೆ ಹಾಕಿದಾಗ ಅಜ್ಜಾರು ನನ್ನನ್ನು ಪಕ್ಕದಲ್ಲೇ ಕೂಡಿಸಿಕೊಂಡರು. ನನ್ನ ಜಾಣತನಕ್ಕೆ ನಾನೇ ಬೀಗುತ್ತಿದ್ದೆ. ಹೋಳಿಗೆಗೆ ತುಪ್ಪ ಬೀಳುತ್ತಿದ್ದಂತೆ ಅವರು ನನ್ನ ಕಿವಿಗೆ ಬಗ್ಗಿದರು.

"ಮೂರನೇ ಸಲ ಅದು ಕುಂಯ್ ಅಂದಾಗನಾ ನನಗ ನೆನಪಾತಲೇ."

"ಮತ್ತ ಯಾಕ ಸುಮ್ನಿದ್ರಿ ಅಜ್ಜಾರ?"

"ಬೀಗರ ಮುಂದ ನನ್ನ ಕೈಯಾರೆ ರುಮಾಲು ತಗದ್ರ ಮರ್ಯಾದಿ ಎಲ್ಲಿ ಉಳೀತು? ಆ ಹೊಸಾದು ಯಾವಾಗ ತಗೀತಾರೋ ಅಂತ ಹೊಟ್ಟಿ ಹಿಡಕೊಂಡು ನಿಂತಿದ್ದೆ. ನೀನು ಪ್ಯಾಂಟು ಹಿಡಕೊಂಡು ನಿಂತಿದ್ದಿ."

ಒಂದು ಹೋಳಿಗೆ ಮುಗಿಸಿ, ಮೂಲೆಯಲ್ಲಿದ್ದ ಮಷೀನನ್ನು ಒಮ್ಮೆ ನೋಡಿ ಮತ್ತೆ ಬಗ್ಗಿದರು.

"ಅದಕ್ಕ ಇನ್ನೊಂದು ತಿರುಪು ಹಾಕ್ಸು. ಹಿರೇರ ತಲಿ ಹತ್ರ ಬಂದಾಗ ಬಾಯಿ ಮುಚ್ಚೂದು."