ಒಲೆಯ ವಿಸ್ಕಿ, ಕೊಪ್ಪರಿಗೆಯ ವಿಸ್ಕಿ

ಮದ್ದೂರಿನಲ್ಲಿ ನಾವು ಮೂರು ಜನ ಒಂದು ಸೀಸೆಯ ಸುತ್ತ ಕೂತರೆ ಏನಾದರೊಂದು ನಡೆದೇ ತೀರುತ್ತಿತ್ತು. ಏನೂ ನಡೆಯದೆ ಎದ್ದು ಹೋದ ದಿನ ನನಗೆ ನೆನಪಿಲ್ಲ. ಹಾಗೆ ನಡೆದವುಗಳಲ್ಲಿ ಕೆಲವನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆದು ಅಭ್ಯಾಸವಿಲ್ಲ. ನಾನು ನಾಲೆಯ ಓವರ್‌ಸೀಯರ್ ಆಗಿದ್ದವನು. ಓವರ್‌ಸೀಯರ್ ಎಂದರೆ ಯಾವ ತೂಬಿನಲ್ಲಿ ಎಷ್ಟು ನೀರು ಬಿಡಬೇಕೆಂದು ನೋಡಿಕೊಳ್ಳುವವನು. ನೀರಿನ ವರದಿ ಬಿಟ್ಟರೆ ಬೇರೇನನ್ನೂ ಬರೆದಿಲ್ಲ. ವರದಿಯಲ್ಲಿ ಒಂದು ಮಾತು ಬಿಟ್ಟರೂ ಮೇಲಿನವರು ಕೇಳುತ್ತಿದ್ದರು. ಆದ್ದರಿಂದ ಎಲ್ಲವನ್ನೂ ಬಿಡಿಸಿ ಹೇಳುವುದು ನನಗೆ ರೂಢಿ. ಹೆಚ್ಚಾಯಿತು ಅನ್ನಿಸಿದ ಕಡೆ ಓದುವವರು ಸಾಲು ಹಾರಿಸಿಕೊಂಡು ಹೋಗಬಹುದು.

ಮೊದಲಿಗೆ ಒಂದು ಮಾತು. ನಾವು ಕುಡುಕರಲ್ಲ. ಕುಡುಕನಿಗೆ ಯಾವುದಾದರೂ ಆದೀತು. ನಮಗೆ ಯಾವುದು ಯಾವುದೆಂದು ತಿಳಿಯಬೇಕಾಗಿತ್ತು.

ಮೂಸುವ ಸದಸ್ಯರು

ನಮ್ಮಲ್ಲಿ ಹಿರಿಯರು ಸುಬೇದಾರರು. ಪಟಾಲಮ್ಮಿನಲ್ಲಿ ಕೆಲಸ ಮಾಡಿ ಪಿಂಚಣಿ ಪಡೆದು ಊರಿಗೆ ಬಂದವರು. ಅವರ ಮನೆಯ ಜಗಲಿಯೇ ನಮ್ಮ ಬೈಠಕ್ಕು. ಬೆಂಗಳೂರು ದಂಡಿನಲ್ಲಿದ್ದ ಹಳೆಯ ಸ್ನೇಹಿತರಿಂದ ಅವರಿಗೆ ಆಗೊಮ್ಮೆ ಈಗೊಮ್ಮೆ ಒಂದು ಸ್ಕಾಚು, ಒಂದು ಐರಿಶ್ ಬರುತ್ತಿತ್ತು. ಸ್ಕಾಚು ಸ್ಕಾಟ್ಲೆಂಡಿನದು, ಐರಿಶ್ ಐರ್ಲೆಂಡಿನದು. ಎರಡಕ್ಕೂ ಬಾರ್ಲಿಯೇ ಮೂಲ. ಸ್ಕಾಚಿಗೆ ಮೊಳಕೆ ಬಂದ ಕಾಳನ್ನು ಹೊಗೆಯಲ್ಲಿ ಒಣಗಿಸುತ್ತಾರೆ, ಐರಿಶ್‌ಗೆ ಹೊಗೆ ಸೋಕಿಸುವುದಿಲ್ಲ ಎಂದು ಆಮೇಲೆ ತಿಳಿಯಿತು. ಆಗ ನಮಗೆ ಅದೆಲ್ಲ ಗೊತ್ತಿರಲಿಲ್ಲ. ಎರಡಕ್ಕೂ ವ್ಯತ್ಯಾಸ ಇದೆ ಎಂದು ಸುಬೇದಾರರು, ಇಲ್ಲ ಎಂದು ನಾನು, ಎರಡು ಲೋಟ ಎದುರಿಗಿಟ್ಟುಕೊಂಡು ವಾದ ಮಾಡುತ್ತಿದ್ದೆವು.

ಆ ಹೊತ್ತಿಗೆ ನಮ್ಮನ್ನು ತಿದ್ದಲು ಖಾದಿ ಅಂಗಡಿಯವರು ಬಂದರು. ಇವರು ಶಿವಪುರದ ಧ್ವಜ ಸತ್ಯಾಗ್ರಹಕ್ಕೆ ಹೋಗಿ ಜೈಲು ಕಂಡು ಬಂದವರು. ಬಾವುಟದ ಹಗ್ಗ ಹಿಡಿಯುವ ಸರದಿ ಬರುವ ಮೊದಲೇ ಅವರನ್ನು ಹಿಡಿದುಕೊಂಡು ಹೋಗಿದ್ದರು. ಒಂದು ಸಲವಾದರೂ ಆ ಹಗ್ಗ ಎಳೆಯಬೇಕು ಎಂಬುದು ಅವರ ಜೀವದ ಆಸೆ. ಜೈಲಿನಲ್ಲಿ ಅವರು ಹೆಂಡ ಸಾರಾಯಿಯನ್ನು ತುಟಿಗೆ ಸೋಕಿಸುವುದಿಲ್ಲ ಎಂದು ಪಣ ತೊಟ್ಟಿದ್ದರು. ಅಂದು ಜಗಲಿಯ ಮೇಲೆ ನಿಂತು ಮದ್ಯಪಾನದ ಕೇಡುಗಳನ್ನು ಹೇಳುತ್ತಾ ಹೇಳುತ್ತಾ ತಟ್ಟನೆ ನಿಲ್ಲಿಸಿ ಮೂಗು ಅರಳಿಸಿದರು.

"ಆ ಎರಡು ಲೋಟದಲ್ಲಿರೋದು ಬೇರೆ ಬೇರೆ, ಅಲ್ವಾ?"

ಸುಬೇದಾರರು ಕೂತಲ್ಲಿಂದ ಎದ್ದರು. "ಕುಡೀದೆ ಎಂಗ್ಲಾ ಗೊತ್ತಾಯ್ತು?"

"ಇದರಲ್ಲಿ ಆಲೆಮನೆ ಒಲೆ ಮುಂದೆ ನಿಂತಂಗೆ ಆಗ್ತದೆ. ಅದರಲ್ಲಿ ಕೊಪ್ಪರಿಗೆ ಮುಂದೆ ನಿಂತಂಗೆ."

ಆಲೆಮನೆ ಎಂದರೆ ಕಬ್ಬು ಅರೆದು ಬೆಲ್ಲ ಮಾಡುವ ಜಾಗ. ಒಲೆಯ ಬಾಯಿಯ ಹತ್ತಿರ ಕಬ್ಬಿನ ಸಿಪ್ಪೆ ಉರಿಯುವ ಹೊಗೆ. ಕೊಪ್ಪರಿಗೆಯ ಹತ್ತಿರ ಪಾಕದ ಆವಿ, ಸಿಹಿ. ನಮ್ಮ ಸೀಮೆಯಲ್ಲಿ ಹುಟ್ಟಿದ ಎಲ್ಲರಿಗೂ ಈ ಎರಡು ವಾಸನೆ ಗೊತ್ತು. ಆದರೆ ಅದನ್ನು ಪರದೇಶದ ವಿಸ್ಕಿಯ ಪಕ್ಕದಲ್ಲಿಟ್ಟು ನೋಡಿದವರು ಅವರೊಬ್ಬರೇ. ಸ್ಕಾಚು ಒಲೆ, ಐರಿಶ್ ಕೊಪ್ಪರಿಗೆ. ನನ್ನ ವಾದ ಅಲ್ಲಿಗೆ ಮುಗಿಯಿತು. ನಮ್ಮೂರಿನ ಮೂಗಿನ ಬಗ್ಗೆ ಅಂದು ಹುಟ್ಟಿದ ಹೆಮ್ಮೆ ಇವತ್ತಿಗೂ ಇಳಿದಿಲ್ಲ.

ಅಂದಿನಿಂದ ಅವರೇ ನಮ್ಮ ತೀರ್ಪುಗಾರರು. ಅದರಲ್ಲೂ ಒಂದು ಕ್ರಮವಿತ್ತು. ಸ್ಕಾಚನ್ನು ಒಂದೇ ಉಸಿರು ಮೂಸಿ ಮುಖ ತಿರುಗಿಸುತ್ತಿದ್ದರು. ಐರಿಶ್ ಆದರೆ ಕಣ್ಣು ಮುಚ್ಚಿ ನಿಧಾನವಾಗಿ. "ಐರ್ಲೆಂಡಿನವರೂ ನಮ್ಮಂಗೇ ಇಂಗ್ಲಿಷರ ಕೈಲಿ ಒದ್ದಾಡಿ ಬಿಡಿಸ್ಕೊಂಡೋರು. ಅವರದ್ದನ್ನ ಮೂಸಿದ್ರೆ ತಪ್ಪಿಲ್ಲ," ಎನ್ನುತ್ತಿದ್ದರು.

"ಮತ್ತೆ ನಿನ್ನ ಪಣ?" ಎಂದು ಸುಬೇದಾರರು ಕೇಳಿದರು.

"ಪಣ ತುಟೀದು. ಮೂಗಿನ ಮಾತು ಜೈಲಲ್ಲಿ ಯಾರೂ ಎತ್ತಲಿಲ್ಲ."

ಅಮಲ್ದಾರರ ಕಷಾಯ

ಯುದ್ಧ ಶುರುವಾಗಿ ಸೀಸೆಗಳು ಬರುವುದು ಅಪರೂಪವಾಯಿತು. ಒಂದು ದಿನ ಅಮಲ್ದಾರರು, ಅಂದರೆ ತಾಲ್ಲೂಕಿನ ದೊಡ್ಡ ಅಧಿಕಾರಿಗಳು, ತಾವೇ ಜಗಲಿಗೆ ಬಂದರು. ಮಡಿವಂತರು, ಈರುಳ್ಳಿಯನ್ನೂ ಮುಟ್ಟದವರು.

"ಶಿವನಸಮುದ್ರದ ಕಡೆ ಕೆಲಸದಲ್ಲಿರೋ ಒಬ್ಬ ಎಂಜಿನಿಯರ್ ದೊರೆ ನಾಳೆ ಸರ್ಕಾರಿ ಬಂಗಲೆಯಲ್ಲಿ ಇಳೀತಾರೆ. ಐರ್ಲೆಂಡಿನವರಂತೆ. ಅವರು ಅದೇನೋ ತಗೋತಾರಂತಲ್ಲ, ಅದರಲ್ಲಿ ಒಳ್ಳೇದು ಯಾವುದು ಅಂತ ನೀವೇ ಹೇಳಬೇಕು," ಎಂದರು.

ಖಾದಿಯವರು ಐರಿಶ್ ಎಂದು ಶಿಫಾರಸು ಮಾಡಿದರು. ಸುಬೇದಾರರು ಮನಸ್ಸಿಲ್ಲದ ಮನಸ್ಸಿನಿಂದ ಅರ್ಧ ಸೀಸೆ ತಂದು ಕೊಟ್ಟರು. ಅಮಲ್ದಾರರು ಅದನ್ನು ಮುಟ್ಟದೆ ಜವಾನನ ಕೈಲಿ ಹೊರಿಸಿಕೊಂಡು ಹೋದರು. ಹೇಗೆ ಕೊಡಬೇಕೆಂದು ಅವರು ಕೇಳಲಿಲ್ಲ, ಹೇಳಲು ನಮಗೂ ಹೊಳೆಯಲಿಲ್ಲ.

ಬಂದ ದೊರೆಗೆ ನೆಗಡಿ. ಮನೆಗೆ ಬಂದವರಿಗೆ, ಅದೂ ನೆಗಡಿಯಾದವರಿಗೆ, ತಣ್ಣಗಿರುವುದನ್ನು ಕೊಡುವುದು ಅಮಲ್ದಾರರ ಮನೆತನದಲ್ಲೇ ಇರಲಿಲ್ಲ. ಬಂಗಲೆಯ ಅಡುಗೆಯವನಿಗೆ ದೂರದಿಂದಲೇ ಹೇಳಿ, ನೀರಿಗೆ ಬೆಲ್ಲ, ಲವಂಗ ಹಾಕಿ ಕುದಿಸಿ, ನಿಂಬೆಹಣ್ಣು ಹಿಂಡಿ, ಅದಕ್ಕೆ ವಿಸ್ಕಿ ಬೆರೆಸಿ, ಕಷಾಯದಂತೆ ಬಿಸಿಬಿಸಿಯಾಗಿ ಕೊಡಿಸಿದರು.

ಬೆಳಿಗ್ಗೆ ಸುದ್ದಿ ತಿಳಿದ ಸುಬೇದಾರರು ತಲೆಯ ಮೇಲೆ ಕೈಯಿಟ್ಟುಕೊಂಡರು. "ಕೆಟ್ವಿ ಕಣ್ರಪ್ಪ. ಐರಿಸ್ಸಿಗೆ ಬೆಲ್ಲ ಆಕ್ಬುಟ್ಟವ್ರೆ."

ಮೂವರೂ ಕ್ಷಮೆ ಕೇಳಲು ಬಂಗಲೆಗೆ ಓಡಿದೆವು. ದೊರೆ ವರಾಂಡದಲ್ಲಿ ಕೂತಿದ್ದರು, ಪಕ್ಕದಲ್ಲಿ ಅಮಲ್ದಾರರು ನಿಂತಿದ್ದರು. ಅವರ ಇಂಗ್ಲಿಷನ್ನು ನಾನೇ ಕನ್ನಡ ಮಾಡಿ ಹೇಳಿದೆ. ಅವರ ಊರಿನಲ್ಲಿ ನೆಗಡಿಯಾದರೆ ತಾಯಿ ಮಾಡಿಕೊಡುವುದು ಇದನ್ನೇ ಅಂತೆ. ಬಿಸಿನೀರು, ಲವಂಗ, ನಿಂಬೆ, ಸಕ್ಕರೆ. ಇಲ್ಲಿ ಬೆಲ್ಲ ಹಾಕಿದ್ದು ಇನ್ನೂ ವಾಸಿ, ಊರು ಬಿಟ್ಟ ಮೇಲೆ ಇದನ್ನು ಸರಿಯಾಗಿ ಮಾಡಿದವರು ಇವರೊಬ್ಬರೇ ಎಂದು ಅಮಲ್ದಾರರ ಕೈ ಹಿಡಿದುಕೊಂಡರು.

ಆಮೇಲೆ ವಿಸ್ಕಿಯ ವಿಷಯ ಕೇಳಲು ಜನ ನಮ್ಮನ್ನು ಬಿಟ್ಟು ಅಮಲ್ದಾರರ ಬಳಿ ಹೋಗತೊಡಗಿದರು. ಅವರು ಜನಿವಾರ ಸರಿಮಾಡಿಕೊಂಡು ಗಂಭೀರವಾಗಿ ಹೇಳುತ್ತಿದ್ದರು: "ಲವಂಗ ಜಾಸ್ತಿ ಹಾಕಬೇಡಿ."

ಬೆಳಕವಾಡಿಯಲ್ಲಿ ಪರೀಕ್ಷೆ

ಹೀಗೆ ಪರಿಚಯವಾದ ದೊರೆ, ಯುದ್ಧ ಮುಗಿದು ಊರಿಗೆ ಹೊರಡುವ ಮುಂಚೆ ನಮ್ಮನ್ನು ಕರೆಸಿದರು. ಒಲೆ, ಕೊಪ್ಪರಿಗೆ ಎಂಬ ನಮ್ಮ ಲೆಕ್ಕ ಅವರ ಕಿವಿಗೆ ಬಿದ್ದಿತ್ತು. ಅದನ್ನು ಕಣ್ಣಾರೆ ನೋಡಬೇಕು ಎಂದರು. ಬೆಳಕವಾಡಿಯ ಹತ್ತಿರ ಒಂದು ಆಲೆಮನೆಗೆ ಕರೆದುಕೊಂಡು ಹೋದೆವು.

ಖಾದಿಯವರು ಅವರನ್ನು ಮೊದಲು ಒಲೆಯ ಬಾಯಿಯ ಮುಂದೆ ನಿಲ್ಲಿಸಿದರು. ದೊರೆ ಕೆಮ್ಮಿ, ಕಣ್ಣೊರೆಸಿಕೊಂಡು, "ಸ್ಕಾಚ್," ಎಂದರು. ಆಮೇಲೆ ಕೊಪ್ಪರಿಗೆಯ ಪಕ್ಕ ನಿಲ್ಲಿಸಿದರು. ದೊರೆ ಆವಿಗೆ ಮುಖವೊಡ್ಡಿ ಬಹಳ ಹೊತ್ತು ಮೂಸಿ, ಮೆಲ್ಲಗೆ, "ಐರಿಶ್," ಎಂದರು. ತಮ್ಮ ದೇಶದಲ್ಲಿ ಇದನ್ನು ತಿಳಿಸಲು ದೊಡ್ಡ ದೊಡ್ಡ ಮಾತು ಕಟ್ಟುತ್ತಾರೆ, ನೀವು ಒಂದು ಪಾತ್ರೆ ತೋರಿಸಿ ಮುಗಿಸಿದಿರಿ ಎಂದೂ ಹೇಳಿದರು. ಆ ಮಾತನ್ನು ಕನ್ನಡ ಮಾಡುವಾಗ ನನ್ನ ದನಿ ಸ್ವಲ್ಪ ಏರಿತ್ತೆಂದು ಸುಬೇದಾರರು ಆಮೇಲೆ ಹೇಳಿದರು.

ಹೊರಡುವಾಗ ದೊರೆ ತಮ್ಮ ಪೆಟ್ಟಿಗೆಯಿಂದ ಒಂದು ಐರಿಶ್ ಸೀಸೆ ತೆಗೆದು ಖಾದಿಯವರ ಕೈಗಿಟ್ಟರು. "ನಿಮಗೂ ಸ್ವಾತಂತ್ರ್ಯ ಬರುತ್ತದೆ. ಅವತ್ತಿಗೆ ಇಟ್ಟುಕೊಳ್ಳಿ." ನಾವು ಅವರಿಗೆ ಬಿಸಿ ಬೆಲ್ಲ ಕಟ್ಟಿಕೊಟ್ಟೆವು.

ಆಲೆಮನೆಯ ಯಜಮಾನರು ಇಷ್ಟನ್ನೂ ಸೌದೆಯ ಮೇಲೆ ಕೂತು ನೋಡುತ್ತಿದ್ದರು. ನನ್ನನ್ನು ಹತ್ತಿರ ಕರೆದು ಕೇಳಿದರು: "ಯಾಕ್ರಪ್ಪ, ಒಲೆ ನಂದು, ಕೊಪ್ಪರಿಗೆ ನಂದು. ಆ ದೊರೆ ಯಾಕೆ ಎಲ್ಡಕ್ಕೂ ಬ್ಯಾರೆ ಎಸ್ರು ಮಡಗ್ತಾ ಅವ್ರೆ?"

ಮಂಡಿನೋವಿನ ಮದ್ದು

ಸುಬೇದಾರರ ಜೊತೆ ಅವರ ತಾಯಿ ಇದ್ದರು. ನಾವೆಲ್ಲ ಅವ್ವ ಎಂದೇ ಕರೆಯುತ್ತಿದ್ದೆವು. ಮಂಡಿನೋವಿನಿಂದ ಕೋಲು ಹಿಡಿದೇ ನಡೆಯುತ್ತಿದ್ದರು. ಬಾಗಿಲ ಹಿಂದೆ ಕೂತು ನಮ್ಮ ಚರ್ಚೆಗಳನ್ನೆಲ್ಲ ಕೇಳಿ ಕೇಳಿ ಅವರಿಗೂ ಒಂದು ಅಭಿಪ್ರಾಯ ಬೆಳೆದಿತ್ತು. ಗೂಡಿನಲ್ಲಿದ್ದ ಸ್ಕಾಚನ್ನು ಒಂದೆರಡು ಸಲ ಮಂಡಿಗೆ ತಿಕ್ಕಿಕೊಂಡು, "ಇದು ಉರೀತದೆ. ಒಗೆ ವಾಸ್ನೆಗೆ ಎಮ್ಮೆನೂ ಅತ್ರ ಬರಕಿಲ್ಲ," ಎಂದು ತಳ್ಳಿಹಾಕಿದ್ದರು.

ದೊರೆ ಕೊಟ್ಟ ಸೀಸೆಯನ್ನು ಸುಬೇದಾರರು ಅಂದೇ ತೆರೆದರು. ಕೊಟ್ಟವರು ದೊಡ್ಡವರಾದರೂ ಪರೀಕ್ಷೆ ಮಾಡದೆ ಒಳಗೆ ತೆಗೆದುಕೊಳ್ಳುವುದು ಪಟಾಲಮ್ಮಿನ ಪದ್ಧತಿಯಲ್ಲವಂತೆ. ಖಾದಿಯವರು ಮೂಸಿ, "ಬರೀ ಕೊಪ್ಪರಿಗೆ. ಒಲೆ ಆಚೆ ಬೀದೀಲೂ ಇಲ್ಲ," ಎಂದರು. ಬಿರಡೆ ಹಾಕಿ ಟ್ರಂಕಿನಲ್ಲಿಟ್ಟೆವು.

ಒಳಗಿನಿಂದ ಅವ್ವನ ದನಿ ಬಂತು. "ಆ ಒಗೆ ಇಲ್ದೆ ಇರೋದು ಮಂಡಿಗೆ ಎಂಗೋ?"

"ಅವ್ವ, ಅದು ಬಾವುಟದ ದಿನಕ್ಕೆ ಮಡಗಿರೋದು," ಎಂದರು ಸುಬೇದಾರರು.

"ಯಾಕ್ಲಾ, ಬಾವುಟಕ್ಕೂ ಮಂಡಿ ನೋವಾ?"

ನಾನು ಮಧ್ಯೆ ಬಾಯಿ ಹಾಕಿ ಲಕ್ಕಿ ಸೊಪ್ಪಿನ ಶಾಖ ಕೊಡಿ ಎಂದೆ. ಸ್ವಲ್ಪ ದಿನದಲ್ಲಿ ಅವ್ವನ ಕೋಲು ಮೂಲೆ ಸೇರಿತು. ಬಾವಿಯಿಂದ ನೀರು ಸೇದಿಕೊಂಡು ಬರುವಷ್ಟು ಚುರುಕಾದರು. ನನಗೆ ಬಹಳ ಹೆಮ್ಮೆಯಾಯಿತು. ಮಂಡ್ಯದಿಂದ ಮಳವಳ್ಳಿಯವರೆಗೆ ನಾಲೆಯ ಮೇಲೆ ಸಿಕ್ಕ ಮುದುಕರಿಗೆಲ್ಲ ಲಕ್ಕಿ ಸೊಪ್ಪು ಶಿಫಾರಸು ಮಾಡಿದೆ. ಯಾರೊಬ್ಬರಿಗೂ ವಾಸಿಯಾಗಲಿಲ್ಲ.

ಬಾವುಟದ ಹಿಂದಿನ ದಿನ

ಕೊನೆಗೂ ಸ್ವಾತಂತ್ರ್ಯದ ದಿನ ಗೊತ್ತಾಯಿತು. ಮದ್ದೂರಿನ ಮೈದಾನದಲ್ಲಿ ಬಾವುಟ ಏರಿಸುವುದು ಖಾದಿ ಅಂಗಡಿಯವರೇ ಎಂದು ನಿಶ್ಚಯವಾಯಿತು. ಆದರೆ ಅದಕ್ಕೆ ಮಳವಳ್ಳಿಯಿಂದ ಬರುವ ಚಳವಳಿ ಸಮಿತಿಯ ಅಧ್ಯಕ್ಷರ ಒಪ್ಪಿಗೆ ಬೇಕು. ಅವರು ಮದ್ಯದ ವಿಷಯದಲ್ಲಿ ಬಲು ಕಟ್ಟುನಿಟ್ಟು. ಮಗನ ಮದುವೆಯಲ್ಲಿ ಬೀಗರಿಗೆ ಹೆಂಡ ಕೊಡಿಸಿದ ಒಬ್ಬರ ಹೆಸರನ್ನು ಸಭೆಯಲ್ಲೇ ಸದಸ್ಯರ ಪಟ್ಟಿಯಿಂದ ಹೊಡೆದುಹಾಕಿದ್ದರು.

ಹಿಂದಿನ ದಿನ ಮಧ್ಯಾಹ್ನ ಜಗಲಿಯಲ್ಲಿ ಸುಬೇದಾರರು ಖಾದಿಯವರಿಗೆ ಹಗ್ಗದ ಗಂಟು ಕಲಿಸುತ್ತಿದ್ದರು. ಒಂದೇ ಎಳೆತಕ್ಕೆ ಬಾವುಟ ಬಿಚ್ಚಿಕೊಳ್ಳಬೇಕು, ಅದಕ್ಕೊಂದು ಗಂಟಿದೆ. ಕಲಿಕೆ ಮುಗಿದ ಮೇಲೆ ನಾಳೆಯ ಸೀಸೆ ಸರಿಯಾಗಿದೆಯೇ ನೋಡೋಣವೆಂದು ಟ್ರಂಕಿನಿಂದ ತೆಗೆದೆವು. ನಾನು, ಸುಬೇದಾರರು ಒಂದೊಂದು ಗುಟುಕು ಕುಡಿದು ಐರಿಶ್ ಎಂದರೆ ಹೀಗಿರಬೇಕು ಎಂದು ತಲೆದೂಗಿದೆವು. ಖಾದಿಯವರು ಲೋಟ ಮೂಗಿಗೆ ಹಿಡಿದು ಹುಬ್ಬು ಗಂಟಿಕ್ಕಿದರು.

"ಸುಬೇದಾರ್ರೆ, ಒಲೆ ಬತ್ತಾ ಇದೆ."

"ಸೀಸೆ ಮೇಲೆ ಬರ್ದೈತೆ ಕಣ್ಲಾ ಐರಿಸ್ಸು ಅಂತ. ನಾಳೆ ಬಾವುಟ ಅಂತ ನಿಂಗೆ ತಲೆ ನೆಟ್ಗಿಲ್ಲ."

"ಇರ್ಬೋದು," ಎಂದು ಅವರು ಇನ್ನೊಮ್ಮೆ ಮೂಸಿದರು. ಆಗಲೇ ಜಗಲಿಯ ಮೆಟ್ಟಿಲ ಮೇಲೆ ಅಧ್ಯಕ್ಷರು ನಿಂತಿದ್ದರು. ಬಾವುಟದ ಕಂಬದ ವಿಚಾರ ಮಾತಾಡಲು ಬಂದವರು.

"ಏನಯ್ಯಾ ಅದು ಕೈಲಿ?"

ಖಾದಿಯವರು ಲೋಟವನ್ನು ಮೂಗಿನಿಂದ ಇಳಿಸಿದರು. "ಅಧ್ಯಕ್ಷರೆ, ತುಟಿಗೆ ಸೋಕಿಲ್ಲ, ಬರೀ ಮೂಗು. ಅದೂ ಇಂಗ್ಲಿಷರದ್ದಲ್ಲ. ನಮ್ಮಂಗೇ ಹೋರಾಡಿದ ಐರಿಶ್‌ನೋರದ್ದು."

"ನಾಳೆ ಅಗ್ಗ ಇಡಿಯೋನು ನೀನಲ್ಲ," ಎಂದು ಅಧ್ಯಕ್ಷರು ಲೋಟ ಕಿತ್ತುಕೊಂಡರು. ಅಂಗಳಕ್ಕೆ ಚೆಲ್ಲಲು ಕೈ ಎತ್ತಿದವರು ಅರ್ಧಕ್ಕೆ ನಿಲ್ಲಿಸಿ, ಲೋಟವನ್ನು ಮೂಗಿನ ಹತ್ತಿರ ತಂದರು. ಕಣ್ಣು ಮುಚ್ಚಿದರು. ಆಮೇಲೆ, "ಸುಳ್ಳು ಬ್ಯಾರೆ ಯೋಳ್ತೀಯ. ಐರಿಸ್ಸಂತೆ. ಇದು ಸ್ಕಾಚು," ಎಂದರು.

ಖಾದಿಯವರು ಹಗ್ಗ, ಬಾವುಟ ಎಲ್ಲ ಮರೆತು ಎದ್ದು ನಿಂತರು. "ನೋಡಿದ್ರಾ ಸುಬೇದಾರ್ರೆ? ನಾನು ಆಗ್ಲೇ ಹೇಳ್ಲಿಲ್ವಾ ಒಲೆ ಬತ್ತಾ ಇದೆ ಅಂತ?"

ಸುಬೇದಾರರು ಮಾತ್ರ ಅಧ್ಯಕ್ಷರನ್ನೇ ನೋಡುತ್ತಿದ್ದರು. "ಅದ್ಯಕ್ಸರೆ, ತಮಗೆಂಗೆ ಗೊತ್ತಾಯ್ತು?"

ಅಧ್ಯಕ್ಷರು ಮೆಲ್ಲಗೆ ಜಗಲಿಯ ಮೇಲೆ ಕೂತರು. ಚಳವಳಿಗೆ ಸೇರುವ ಮುಂಚೆ ಅವರು ಅಬಕಾರಿಯಲ್ಲಿದ್ದರಂತೆ. ಅಬಕಾರಿ ಎಂದರೆ ಹೆಂಡ ಸಾರಾಯಿಯ ಮೇಲ್ವಿಚಾರಣೆಯ ಇಲಾಖೆ. ಹಿಡಿದ ಸೀಸೆಗಳನ್ನೆಲ್ಲ ಮೂಸಿ ನೋಡುವುದೇ ಅವರ ಕೆಲಸ. "ಕೆಲಸಕ್ಕೆ ರಾಜೀನಾಮೆ ಕೊಟ್ಟೆ ಕಣಯ್ಯ. ಮೂಗಿಗೆ ಎಂಗೆ ಕೊಡ್ಲಿ?" ಎಂದರು.

ಆಮೇಲೆ ಖಾದಿಯವರ ಕಡೆ ತಿರುಗಿದರು. "ಕುಡಿದೋರು ಇಬ್ರೂ ಐರಿಸ್ಸು ಅಂದ್ಕೊಂಡವ್ರೆ. ಕುಡೀದೆ ಇರೋ ನಿಂಗೆ, ನಂಗೆ ಗೊತ್ತಾಯ್ತು. ನಿನ್ ತುಟಿಗೆ ಸೋಕಿಲ್ಲ ಅನ್ನಾಕೆ ಬ್ಯಾರೆ ಸಾಕ್ಸಿ ಬ್ಯಾಡ. ನಾಳೆ ಅಗ್ಗ ನೀನೇ ಇಡಿ."

ನಾನು, ಸುಬೇದಾರರು ಸಾಕ್ಷಿಯಾಗಿ ತಲೆ ತಗ್ಗಿಸಿ ಕೂತೆವು. ಹಾಗಾದರೆ ದೊರೆ ಕೊಟ್ಟ ಐರಿಶ್ ಎಲ್ಲಿ ಹೋಯಿತು? ಸುಬೇದಾರರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಬಾಗಿಲ ಹಿಂದಿನಿಂದ ಅವ್ವ ಕೋಲಿಲ್ಲದೆ ದಡದಡ ನಡೆದುಕೊಂಡು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಯಾಕ್ರಲಾ ಒಬ್ರ ಮಕ ಒಬ್ರು ನೋಡ್ತೀರಿ? ಒಲೇದ್ನ ಅದ್ರೊಳಿಕ್ಕೆ ಉಯ್ದು ಮಡಗ್ದೋಳು ನಾನೇಯ. ಐರಿಸ್ಸು ನನ್ ಮಂಡೀಲೈತೆ. ಬೇಕಾದೋರು ಬಂದು ಮೂಸ್ಕಳ್ಳಿ."

ಮರುದಿನ ಖಾದಿಯವರು ಹಗ್ಗ ಎಳೆದರು. ಗಂಟು ಒಂದೇ ಎಳೆತಕ್ಕೆ ಬಿಚ್ಚಿತು. ಸುಬೇದಾರರು ಸೆಲ್ಯೂಟು ಹೊಡೆದರು. ನನ್ನ ಕಣ್ಣಲ್ಲಿ ನೀರಿತ್ತು, ಅದಕ್ಕೆ ಒಲೆಯ ಹೊಗೆ ಕಾರಣವಲ್ಲ. ಅವ್ವ ಮನೆಯಿಂದ ಮೈದಾನದವರೆಗೆ ನಡೆದೇ ಬಂದು ಮುಂದಿನ ಸಾಲಿನಲ್ಲಿ ನಿಂತಿದ್ದರು. ಅಧ್ಯಕ್ಷರು ಅವರ ಹತ್ತಿರ ಹೋಗಿ ಕೈ ಮುಗಿದು, "ಅವ್ವ, ಸ್ವತಂತ್ರ ಬಂತಲ್ಲ, ಎಂಗನ್ನಿಸ್ತದೆ?" ಎಂದು ಕೇಳಿದರು.

"ನಿಮ್ಗೆ ಇವತ್ತು ಬಂತು ಕಣಪ್ಪ. ನನ್ ಮಂಡಿಗೆ ಓದ್ ವರ್ಸಾನೇ ಬಂತು."