ಆಯ್ತು ಅನ್ನುವ ಡಿಸ್ಕು

ಶಂಕರಪುರದ ಗೌರೀಶನಿಗೆ ಹೆಂಡತಿ ಬೇಕಾಗಿತ್ತು. ಹೊಸಬಳಲ್ಲ, ಇದ್ದವಳೇ. ಬ್ಯಾಂಕಿನವರು ತೇಜಶ್ರೀಗೆ ಬಡ್ತಿ ಕೊಟ್ಟು ರಾಯಚೂರಿಗೆ ಎತ್ತಿಹಾಕಿದ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಅವಳಿದ್ದಾಗ 'ಸ್ವಲ್ಪ ಸುಮ್ಮನಿರಬಾರದಾ' ಎಂದು ಗೊಣಗುತ್ತಿದ್ದ ಮಹಾನುಭಾವ ಈಗ ಅವಳ ಬೈಗುಳಕ್ಕೂ ಹಂಬಲಿಸುತ್ತಿದ್ದ. ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆದರೂ ಕೇಳುವವರಿಲ್ಲ. ಎಸೆಯುವುದರಲ್ಲಿ ಸುಖವೇ ಉಳಿದಿರಲಿಲ್ಲ.

ದುಃಖ ಮರೆಯಲು ಸಿಕ್ಕಿದ್ದು ಸರ್ವರ್. ತರಗುಪೇಟೆಯ ಬೇಳೆಕಾಳು ಮಂಡಿಗಳ ದಾಸ್ತಾನೆಲ್ಲ ಅವನ ಮನೆಯ ಮುಂದಿನ ಕೋಣೆಯ ಈ ಕಂಪ್ಯೂಟರಿನಲ್ಲಿ ದಾಖಲಾಗುತ್ತಿತ್ತು. ಒಂದು ಮಧ್ಯಾಹ್ನ ಕರೆಂಟು ಹೋಗಿ (ಯುಪಿಎಸ್ ಕೂಡ ಪತಿವ್ರತೆಯಂತೆ ಅದರ ಹಿಂದೆಯೇ ಹೋಯಿತು) ದೊಡ್ಡಬೈರಪ್ಪನವರ ಮಂಡಿಯ ತೊಗರಿಬೇಳೆಯೆಲ್ಲ ಮಾಯವಾಯಿತು. ಮೂಟೆಗಳು ಗೋದಾಮಿನಲ್ಲೇ ಇದ್ದವು, ಕಂಪ್ಯೂಟರಿನಲ್ಲಿ ಮಾತ್ರ ಇರಲಿಲ್ಲ. ಅಂದಿನಿಂದ, ಕರೆಂಟು ಹೋದರೂ ಕೈಬಿಡದ ಎಸ್ಎಸ್‌ಡಿ ಎಂಬ ಡಿಸ್ಕಿಗಾಗಿ ಅವನ ಘೋರ ತಪಸ್ಸು ಶುರುವಾಯಿತು.

ಸಂಜೆ ತೇಜಶ್ರೀ ಫೋನ್ ಮಾಡಿದಾಗಲೆಲ್ಲ 'ನೀನಿಲ್ಲದೆ ಆಗುತ್ತಿಲ್ಲ' ಎಂಬ ಮಾತು ನಾಲಿಗೆಯ ತುದಿಗೆ ಬರುತ್ತಿತ್ತು. ನಾಚಿಕೆಯಾಗಿ ಡಿಸ್ಕಿನ ಪುರಾಣ ತೆಗೆಯುತ್ತಿದ್ದ.

"ಅಗ್ಗದ ಡಿಸ್ಕು ಸುಳ್ಳು ಹೇಳುತ್ತೆ ಕಣೇ ತೇಜು. ಬರ್ಕೊಳ್ಳೋಕೆ ಮುಂಚೆನೇ 'ಆಯ್ತು' ಅಂದ್ಬಿಡುತ್ತೆ. ಅಷ್ಟರಲ್ಲಿ ಕರೆಂಟ್ ಹೋದ್ರೆ ಎಲ್ಲಾ ಖಾಲಿ. ಒಳ್ಳೇದ್ರಲ್ಲಿ ಕೆಪಾಸಿಟರ್ ಇರುತ್ತೆ. ಅದ್ರಲ್ಲಿರೋ ಚಾರ್ಜಲ್ಲೇ ಕೈಲಿರೋದನ್ನ ಬರೆದು ಮುಗಿಸುತ್ತೆ."

"ಅಂಥ ಅಗ್ಗದ್ದನ್ನೇ ಕಟ್ಕೊಂಡು ಏಗ್ತಿದೀನಲ್ಲ ನಾನು. ನೀವೂ ಏನು ಹೇಳಿದ್ರೂ 'ಆಯ್ತು' ಅಂತೀರ, ಒಳಗೆ ಹೋಗಿರಲ್ಲ."

ಆಮೇಲೆ ಅವಳು ಇನ್ನೇನೋ ಹೇಳಿದಳು. ಗೌರೀಶನ ಕಣ್ಣು ಪರದೆಯ ಮೇಲಿನ ಕೆಪಾಸಿಟರುಗಳ ಮೇಲಿತ್ತು. ಆಯ್ತು ಎಂದ.

ಶನಿವಾರ ಕೊರಿಯರಿನಲ್ಲಿ ಡಿಸ್ಕು ಬರುವುದಿತ್ತು. ಬೆಳಿಗ್ಗೆಯೇ ಅವನು ಸರ್ವರಿನ ಹೊಟ್ಟೆ ಬಿಚ್ಚಿ ಕೂತ. ರಾಯಚೂರಿನ ಬಿಸಿಲಿನಲ್ಲಿ ಅವಳೊಬ್ಬಳೇ ತಿಂಡಿ ತಿನ್ನುತ್ತಿರಬೇಕು ಎನಿಸಿತು. ಅಷ್ಟರಲ್ಲಿ ಬೆಲ್ ಆಯಿತು.

"ಬಾಗಿಲ ಹತ್ರಾನೇ ಇಟ್ಟು ಹೋಗಿ," ಎಂದು ಕೂಗಿದ.

ಮತ್ತೆ ಬೆಲ್ ಆಯಿತು. ಅವಳ ನೆನಪಿನಲ್ಲಿ ಒಂದು ಕ್ಷಣ ಮುಳುಗಲೂ ಬಿಡುವುದಿಲ್ಲವಲ್ಲ ಈ ಜನ ಎಂದು ಸಿಟ್ಟು ಬಂತು. "ಹೇಳಿದ್ನಲ್ಲ, ಇಟ್ಟು ಹೋಗಿ ಅಂತ."

ಕೈ ಬಿಡುವಾಗಿ ಬಾಗಿಲು ತೆರೆದರೆ ಡಿಸ್ಕಿನ ಪೊಟ್ಟಣವಿಲ್ಲ. ತೇಜಶ್ರೀಯ ನೀಲಿ ಸೂಟ್‌ಕೇಸ್ ನಿಂತಿತ್ತು. ಅದರ ಮೇಲೆ ಅವನಿಗಿಷ್ಟವಾದ ಖಡಕ್ ರೊಟ್ಟಿಯ ಕಟ್ಟು. ಗೌರೀಶ ಬನಿಯನ್ನಿನಲ್ಲೇ ಬೀದಿಗೆ ಓಡಿದ. ಅವಳು ಕಾಣಲಿಲ್ಲ. ನಿಂತಲ್ಲಿಂದಲೇ ಫೋನ್ ಮಾಡಿದ.

"ಶನಿವಾರ ಬರ್ತೀನಿ, ಸ್ಟೇಷನ್‌ಗೆ ಬನ್ನಿ ಅಂದಿದ್ದೆ," ಎಂದಳು ತೇಜಶ್ರೀ, ಆಟೋದ ಗದ್ದಲದ ನಡುವೆ. "ಬರ್ಲಿಲ್ಲ. ಮನೆಗೆ ಬಂದ್ರೆ ಇಟ್ಟು ಹೋಗಿ ಅಂದ್ರಿ. ಇಟ್ಟು ಅಮ್ಮನ ಮನೆಗೆ ಹೋಗ್ತಿದೀನಿ, ಮಲ್ಲೇಶ್ವರಕ್ಕೆ."

"ತೇಜು, ನೀನಿಲ್ದೆ ಆಗ್ತಿಲ್ಲ ಕಣೇ," ಎಂದ ಗೌರೀಶ, ಮೆಲ್ಲಗೆ.

ಆಟೋ ಸದ್ದಿಗೆ ಕೇಳಿಸುತ್ತಿಲ್ಲ, ಜೋರಾಗಿ ಹೇಳಿ ಎಂದಳು. ಅವನು ನಾಚಿಕೆ ಬಿಟ್ಟು ಬೀದಿಯೆಲ್ಲ ಅದುರುವಂತೆ ಹೇಳಿದ.

ಎದುರು ಮನೆಯ ಅಕ್ಕಯಮ್ಮ ಕಿಟಕಿ ತೆರೆದರು. "ನಮಗೆಲ್ಲ ಕೇಳಿಸ್ತಪ್ಪ ಗೌರೀಶ. ಪಾಪ, ಆಗ್ಲೇ ಆ ಹುಡುಗಿ ಬೆಲ್ ಒತ್ತಿ ಒತ್ತಿ ನಿಂತಿದ್ಲು. ಆಗ ಬಾಗಿಲು ತೆಗೆಯೋದಲ್ವಾ?"

ಫೋನಿನಲ್ಲಿ ಆಟೋದ ಸದ್ದು ಯಾವಾಗಲೋ ನಿಂತಿತ್ತು.

"ನನಗಿನ್ನೂ ಕೇಳಿಸ್ಲಿಲ್ಲ ರೀ," ಎಂದಳು ತೇಜಶ್ರೀ. "ಇನ್ನೊಂದ್ಸಲ ಹೇಳಿ."