ಒಂದು ಉಸಿರಿನ ಖರ್ಚು ಯಾರದು?

ನಿದ್ದೆ ಬಂದರೆ ಮಾತ್ರ ಕನಸು ಎನ್ನುವುದು ಬಯಲುಸೀಮೆಯವರ ನಿಯಮ. ನೀಲಗಿರಿ ಬೆಟ್ಟದ ನಮ್ಮ ಗೂಡಲೂರಿನಲ್ಲಿ ಕನಸಿಗೆ ನಿದ್ದೆಯ ಹಂಗಿಲ್ಲ. ತಿಂಡಿ ಮುಗಿಸಿ ಕಿಟಕಿಯ ಬಳಿ ನಿಂತರೆ ಸಾಕು, ಮಂಜು ಬಂದು ಎದುರಿನ ಟೀ ತೋಟವನ್ನು ಅಳಿಸುತ್ತದೆ, ಆಮೇಲೆ ರಸ್ತೆಯನ್ನು, ಆಮೇಲೆ ನಾನು ಹಿಡಿಯಬೇಕಾದ ಬಸ್ಸನ್ನು. ನಿಮ್ಮ ಯಜಮಾನರು ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ನನ್ನ ಹೆಂಡತಿ ಪಾರ್ವತಿ, "ಕಿಟಕೀಲಿ ನಿಂತಿರ್ತಾರೆ, ಬಿಡುವಾದಾಗ ದೇವಾಲದ ಟೀ ಫ್ಯಾಕ್ಟರಿಗೆ ಹೋಗಿಬರ್ತಾರೆ" ಎನ್ನುತ್ತಾಳೆ. ಫ್ಯಾಕ್ಟರಿಯಲ್ಲಿ ನನ್ನದು ಟೀ ರುಚಿ ನೋಡುವ ಕೆಲಸ. ಸಾಲಾಗಿ ಇಟ್ಟ ಬಟ್ಟಲುಗಳಿಂದ ಚಮಚದಲ್ಲಿ ಟೀ ಎತ್ತಿ, ಗಾಳಿಯ ಸಮೇತ ಸುರ್ರೆಂದು ಎಳೆದು, ನಾಲಗೆಯ ಮೇಲೆ ಒಂದು ಗಳಿಗೆ ನಿಲ್ಲಿಸಿ ಉಗುಳಬೇಕು. ಎಳೆತ ಜೋರಾದಷ್ಟೂ ರುಚಿ ಚೆನ್ನಾಗಿ ತಿಳಿಯುತ್ತದೆ. ಮನೆಯಲ್ಲಿ ಬೈಸಿಕೊಳ್ಳುವ ಅಭ್ಯಾಸಕ್ಕೆ ಸಂಬಳ ಕೊಡುವ ಕೆಲಸ ಲೋಕದಲ್ಲಿ ಇದೊಂದೇ ಇರಬೇಕು.

ಪಾರ್ವತಿ ಇಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಪಾಳಿ ಮುಗಿಸಿ ಬಂದು ಓದಿ, ಇಂಗ್ಲಿಷ್ ಪರೀಕ್ಷೆ ಕಟ್ಟಿ, ಫೇಲಾಗಿ, ಮತ್ತೆ ಕಟ್ಟಿ ಪಾಸಾಗಿ, ಕೊನೆಗೆ ನ್ಯೂಜಿಲೆಂಡಿನ ಒಂದು ವೃದ್ಧಾಶ್ರಮದಲ್ಲಿ ಕೆಲಸ ಗಿಟ್ಟಿಸಿದಳು. ಅಷ್ಟು ಆಸೆಪಟ್ಟು ಅವಳು ಏನನ್ನೂ ಕೇಳಿದ್ದನ್ನು ನಾನು ಕಂಡಿಲ್ಲ. ಅಲ್ಲಿಯೂ ಬೆಟ್ಟ, ಮಂಜು, ಕಿಟಕಿ ಎಲ್ಲ ಇವೆ ಎಂದು ಗೊತ್ತಾದ ಮೇಲೆ ನನ್ನದೂ ತಕರಾರಿರಲಿಲ್ಲ. ಆದರೆ ವೀಸಾ ಕೊಡುವ ಮೊದಲು ಗಂಡ ಹೆಂಡತಿ ಇಬ್ಬರೂ ಎದೆಯ ಎಕ್ಸ್‌ರೇ ಸಮೇತ ವೈದ್ಯಕೀಯ ತಪಾಸಣೆ ಮಾಡಿಸಬೇಕು, ಅದೂ ಅವರು ಒಪ್ಪಿದ ಕೊಯಮತ್ತೂರಿನ ಡಾಕ್ಟರ ಹತ್ತಿರವೇ. ಪಾರ್ವತಿಯ ಖರ್ಚು ಕೆಲಸ ಕೊಟ್ಟವರದು; ಜೊತೆಗೆ ಬರುವ ಡಿಪೆಂಡೆಂಟ್ ತನ್ನ ಖರ್ಚು ತಾನೇ ನೋಡಿಕೊಳ್ಳಬೇಕು ಎಂದು ತಿಳಿಸಿದ್ದರು. ಡಿಪೆಂಡೆಂಟ್ ಎಂದರೆ ನಾನು.

ಈ ಮಾತು ನಮ್ಮ ಹಟ್ಟಿಗೆ ಮುಟ್ಟಿದ್ದೇ ತಡ, ನನ್ನ ಸೋದರಮಾವ ಲಿಂಗಯ್ಯ ಬೆಳಗ್ಗೆಯೇ ಬಂದು ಕೂತರು. "ಕರೆಯೋರೇ ಕೊಡ್ಬೇಕು ಕಣೋ. ಹಬ್ಬಕ್ಕೆ ಅಳಿಯನ್ನ ಕರ್ದು, ಬಂದ್‌ಮೇಲೆ ಬಸ್‌ಚಾರ್ಜು ಕೇಳ್ತೀವಾ?" ಎಂಬುದು ಅವರ ನ್ಯಾಯ. ಒಳಗಿನಿಂದ ಅವ್ವ, "ಹೆಣ್ ನೋಡಕ್ ಬಂದೋರು ಉಪ್ಪಿಟ್ಟಿನ ಕಾಸು ಕೊಟ್ಟಿದ್ದು ಎಲ್ಲಾದ್ರೂ ಉಂಟಾ? ತೋರಿಸ್ಕೊಳ್ಳೋರದೇ ಖರ್ಚು" ಎಂದಳು. ಅವ್ವನ ನ್ಯಾಯದಂತೆ ನಾನೀಗ ತಲೆ ಬಾಚಿಕೊಂಡು ಚಾಪೆಯ ಮೇಲೆ ಕೂರಬೇಕಾದ ಹೆಣ್ಣು. ನನಗೆ ಖರ್ಚಿಗಿಂತ ಆ ಡಿಪೆಂಡೆಂಟ್ ಎಂಬ ಪದವೇ ಚುಚ್ಚುತ್ತಿತ್ತು. ಮಾವ ಸಮಾಧಾನ ಹೇಳಿದರು. "ಡಿಪೆಂಡೆಂಟೇ ವಾಸಿ ಬಿಡು. ಪಂಚಾಯ್ತಿ ಎಲೆಕ್ಷನ್ನಾಗೆ ಇಂಡಿಪೆಂಡೆಂಟಾಗಿ ನಿಂತು ಡಿಪಾಜಿಟ್ ಕಳ್ಕೊಂಡೋನು ನಾನು." ನಾನು ಸೋಲಲಿಲ್ಲ. ನನ್ನ ಎದೆ, ನನ್ನ ದುಡ್ಡು ಎಂದು ಘೋಷಿಸಿದೆ. ಪಾರ್ವತಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಸ್ಸಿಗೆ ಸ್ವೆಟರು ಮರೆಯಬೇಡಿ ಎಂದಳು.

ಊಟಿ ದಾಟಿ ಕೂನೂರಿನ ಘಾಟಿ ಇಳಿಯುವಾಗ ಕಣ್ಣು ಎಳೆಯಿತು. ಕನಸಿನಲ್ಲಿ ಒಬ್ಬ ಡಾಕ್ಟರು ನನ್ನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಿದ್ದಾರೆ. ಅದರ ತುಂಬ ನಮ್ಮೂರಿನ ಮಂಜು. ಪಕ್ಕೆಲುಬುಗಳ ನಡುವೆ ಟೀ ಗಿಡದ ಸಾಲು, ಮೂಲೆಯಲ್ಲಿ ನಮ್ಮ ಕಿಟಕಿ. "ಇದನ್ನು ಹೊರದೇಶಕ್ಕೆ ಒಯ್ಯುವ ಹಾಗಿಲ್ಲ, ಇಲ್ಲೇ ಇಳಿಸಿ ಹೋಗಿ" ಎಂದರು. ಇಳಿಸುವ ಕೂಲಿ ಯಾರು ಕೊಡಬೇಕು ಸಾರ್ ಎಂದು ನಾನು ಕೇಳುವಷ್ಟರಲ್ಲಿ ಪಾರ್ವತಿ ತಿವಿದು ಎಬ್ಬಿಸಿದಳು. ಮೇಟುಪಾಳ್ಯಂ ಬಂದಿತ್ತು, ಸ್ವೆಟರಿನೊಳಗೆ ಬೆವರುತ್ತಿದ್ದೆ.

ಕೊಯಮತ್ತೂರಿನಲ್ಲಿ ನನ್ನ ಪಾಲಿನದನ್ನು ನಾನೇ ಕಟ್ಟಿ, ಎದೆ ಮುಂದೆ ಮಾಡಿಕೊಂಡೇ ಒಳಗೆ ಹೋದೆ. ನಿಜವಾದ ಡಾಕ್ಟರು ಸಾಧು ಮನುಷ್ಯ. ಬೆನ್ನಿಗೆ ಸ್ಟೆಥಸ್ಕೋಪು ಇಟ್ಟು, ಬಾಯಿ ತೆರೆದು ಜೋರಾಗಿ ಉಸಿರು ಎಳೆಯಿರಿ ಎಂದು ತಮಿಳಿನಲ್ಲಿ ಹೇಳಿದರು. ಎಳೆದೆ. ಸುರ್ರ್ ಎಂದಿತು. ಅವರು ಸ್ಟೆಥಸ್ಕೋಪನ್ನು ಸ್ವಲ್ಪ ಸರಿಸಿ, ಇನ್ನೊಮ್ಮೆ ಎಂದರು. ಡಾಕ್ಟರು ಕೇಳಿದ ಮೇಲೆ ಚೆನ್ನಾಗಿಯೇ ಕೊಡೋಣವೆಂದು ಇನ್ನೂ ಉದ್ದಕ್ಕೆ ಸುರ್ರೆನಿಸಿದೆ. ಅವರ ಹುಬ್ಬು ಗಂಟಾಯಿತು. ಏನು ಕೆಲಸ ಎಂದರು. ಟೀ ಫ್ಯಾಕ್ಟರಿ ಎಂದೆ. ಟೀ ದೂಳು ಕುಡಿದ ಶ್ವಾಸಕೋಶ ಎಂದುಕೊಂಡರೋ ಏನೋ, ಎಕ್ಸ್‌ರೇ ಸಾಲದು, ಇನ್ನೂ ಎರಡು ಪರೀಕ್ಷೆ ಆಗಲಿ ಎಂದು ಬರೆದರು. ಹೊರಗೆ ಕೌಂಟರಿನ ಹುಡುಗಿ, ಇದು ಬೇರೆ ಚಾರ್ಜು, ಯಾರು ಕಟ್ಟುತ್ತೀರಿ ಎಂದು ಕೇಳಿದಳು. ನನ್ನ ಪರ್ಸಿನಲ್ಲಿ ಉಳಿದಿದ್ದದ್ದು ಘೋಷಣೆ ಮಾತ್ರ. ಪಾರ್ವತಿ ತನ್ನ ಪರ್ಸು ತೆಗೆದು ಕಟ್ಟಿದಳು. ಬಸ್ಸು ಘಾಟಿ ಹತ್ತುವಾಗ ನಿಧಾನಕ್ಕೆ ಹೇಳಿದಳು. "ಅಲ್ಲಾ ರೀ, ಡಾಕ್ಟ್ರು ಉಸಿರು ಎಳೀರಿ ಅಂದ್ರೆ ಟೀ ಎಳೆದಂಗೆ ಎಳೆದ್ರಲ್ಲಾ. ಬಾಗ್ಲಾಚೆ ತನ್ಕ ಕೇಳುಸ್ತು."

ಫಲಿತಾಂಶ ಬರುವವರೆಗೆ ನಾನು ಕಿಟಕಿಯ ಬಳಿ ನಿಂತು ಮಂಜನ್ನು ನೋಡಿದೆ. ಮೊದಲ ಬಾರಿಗೆ ಅದರಲ್ಲಿ ಕನಸು ಕಾಣಿಸಲಿಲ್ಲ, ಭಯ ಕಾಣಿಸಿತು. ನಾನು ಅನ್‌ಫಿಟ್ ಆದರೆ ಪಾರ್ವತಿಯ ಅಷ್ಟು ದಿನಗಳ ಓದು ನನ್ನ ಒಂದು ಉಸಿರಿನಲ್ಲಿ ಹಾರಿಹೋಗುತ್ತದೆ. ಆ ಸುರ್ರ್ ಬರೀ ಅಭ್ಯಾಸಬಲವೋ, ಈ ಕಿಟಕಿ ಬಿಡಲಾರದ ನನ್ನೊಳಗಿನ ಯಾರೋ ಬೇಕೆಂದೇ ಎಳೆದದ್ದೋ ಎಂದು ನನಗೇ ಅನುಮಾನ ಬಂದಿತು. ಅಭ್ಯಾಸವೇ ಇರಬೇಕು. ಅಭ್ಯಾಸವೇ ಆಗಿರಲಿ ಎಂದು ಮನೆದೇವರಿಗೆ ಕೈಮುಗಿದೆ.

ಫೋನು ಬಂದದ್ದು ಪಾರ್ವತಿಗೆ. ಕೇಳಿ, ಇಟ್ಟು, ಅಡಿಗೆಮನೆಯಿಂದ ಎರಡು ಲೋಟ ಟೀ ತಂದಳು. "ಇಬ್ಬರದೂ ಪಾಸು. ನಿಮ್ಮ ಎದೇಲಿ ಏನೂ ಇಲ್ವಂತೆ. ಅದನ್ನ ನಾನು ಮದುವೆ ಆದಾಗಿಂದ ಬಿಟ್ಟಿ ಹೇಳ್ತಿದ್ದೆ."

ಒಂದು ವೇಳೆ ಏನಾದರೂ ಇದ್ದಿದ್ದರೆ ಎಂದು ಕೇಳಿದೆ.

"ಇದ್ದಿದ್ರೆ ನಾನೂ ಬರಲ್ಲ ಅಂತ ಹೋದ ವಾರನೇ ನ್ಯೂಜಿಲೆಂಡಿನೋರಿಗೆ ಹೇಳಿದ್ದೆ" ಎಂದಳು, ಲೋಟದ ಅಂಚು ಒರೆಸುತ್ತ.

ಮಾವ, ಅವ್ವ, ನಾನು ಸೇರಿ ಇಷ್ಟು ದಿನ ಯಾರು ಕೊಡಬೇಕು ಎಂದು ವಾದಿಸುತ್ತಿದ್ದೆವು. ಕೊಡಲು ಸಿದ್ಧವಾಗಿದ್ದವಳು ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಮುಖ ಮುಚ್ಚಿಕೊಳ್ಳಲು ಲೋಟ ಎತ್ತಿ ಸುರ್ರೆಂದು ಎಳೆದೆ.

"ಮೆಲ್ಲಗೆ ಕುಡೀರಿ. ಅಲ್ಲೂ ಒಬ್ಬ ಡಾಕ್ಟ್ರ ಕಿವಿಗೆ ಬಿದ್ರೆ ಮತ್ತೆ ನಾನೇ ಕಟ್ಬೇಕು" ಎಂದಳು.

ಉಳಿದದ್ದನ್ನು ಸದ್ದಿಲ್ಲದೆ ಕುಡಿದೆ. ಗಡಿಬಿಡಿಯಲ್ಲಿ ಅವಳು ಸಕ್ಕರೆಯನ್ನೇ ಹಾಕಿರಲಿಲ್ಲ. ರುಚಿ ಹೇಳಿ ಸಂಬಳ ತೆಗೆದುಕೊಳ್ಳುವ ನಾನು, ಚೆನ್ನಾಗಿದೆ ಎಂದೆ.